ಹತ್ತು ಕೆಜಿ ಇಳಿಸಿಕೊಂಡು ಬರಲೇ?

ಈ ಪ್ರಶ್ನೆ ಬರುವುದು ಸಾಮಾನ್ಯವಾಗಿ ರಾತ್ರಿ ಊಟ ಮುಗಿದು, ಮನೆಯವರೆಲ್ಲ ಟಿವಿ ಮುಂದೆ ಕುಳಿತ ಮೇಲೆ. ಫೋನಿನಲ್ಲಿ ಪಿಸುದನಿ, ಅದರ ಹಿಂದೆ ಪಾತ್ರೆ ತೊಳೆಯುವ ಸದ್ದು. “ಮೇಡಂ, ನೀವು ಹೆಂಗಸರ ಫೋಟೋ ತೆಗೆಯುತ್ತೀರಂತಲ್ಲ, ಆ ತರಹದ್ದು... ನನಗೂ ಆಸೆ. ಮೊದಲು ಒಂದು ಹತ್ತು ಕೆಜಿ ಇಳಿಸಿಕೊಂಡು ಬರಲೇ?”

ಬೇಡ. ನನ್ನ ಉತ್ತರ ಇಷ್ಟೇ. ಆದರೆ ಫೋನಿನಲ್ಲಿ ಹಾಗೆಂದರೆ ಯಾರೂ ನಂಬುವುದಿಲ್ಲ, ವ್ಯಾಪಾರದ ಮಾತು ಎಂದುಕೊಳ್ಳುತ್ತಾರೆ. ಅದಕ್ಕೇ ಒಮ್ಮೆ ಬರೆದುಬಿಡುತ್ತಿದ್ದೇನೆ.

‘ಆ ತರಹದ್ದು’ ಎಂಬುದರ ಹೆಸರು ಬೂದ್ವಾರ್ ಫೋಟೋಗ್ರಫಿ. ನಮ್ಮ ಅತ್ತೆಯ ಬಾಯಲ್ಲಿ ಅದು ಇಂದಿಗೂ ‘ಬುಧವಾರದ ಫೋಟೋ’. ಗುರುವಾರ ಯಾಕೆ ತೆಗೆಯುವುದಿಲ್ಲ ಎಂದು ಒಮ್ಮೆ ಕೇಳಿಯೂ ಇದ್ದರು. ಫ್ರೆಂಚಿನಲ್ಲಿ ಬೂದ್ವಾರ್ ಎಂದರೆ ಹೆಣ್ಣಿನ ಖಾಸಗಿ ಕೋಣೆ. ಆ ಪದ ಹುಟ್ಟಿದ ಕ್ರಿಯಾಪದಕ್ಕೆ ಮುನಿಸಿಕೊಳ್ಳುವುದು, ಮುಖ ಊದಿಸಿಕೊಳ್ಳುವುದು ಎಂದು ಅರ್ಥ. ನಮ್ಮ ಕೈಕೇಯಿ ಹೋಗಿ ಮಲಗಿದ ಕ್ರೋಧಾಗಾರವನ್ನು ನೆನೆಸಿಕೊಳ್ಳಿ, ಹೆಚ್ಚುಕಡಿಮೆ ಅದೇ. ಬಾಗಿಲು ಹಾಕಿಕೊಂಡು ತನ್ನಷ್ಟಕ್ಕೆ ತಾನಿರುವವಳು ಗಳಿಗೆಗೊಮ್ಮೆ ಸೆರಗು ಸರಿಮಾಡಿಕೊಳ್ಳುವುದಿಲ್ಲ. ಬರಿಯ ಬೆನ್ನು, ಬಿಚ್ಚಿದ ಕೂದಲು, ಅಮ್ಮನ ಹಳೆಯ ಸೀರೆಯೊಂದರ ಸುತ್ತು, ಕೆಲವರಿಗೆ ಮೈತುಂಬ ಕಂಬಳಿ. ಎಷ್ಟು ಕಾಣಬೇಕು ಎಂಬುದು ಅವರವರಿಗೆ ಬಿಟ್ಟದ್ದು.

ಇನ್ನು ಆ ಹತ್ತು ಕೆಜಿ. ಅದರಲ್ಲಿ ಒಂದು ಪಾಲು ನಿಮ್ಮದಲ್ಲ, ಮೊಬೈಲಿನದು. “ನೋಡಿ, ನಾನು ಹೇಗಾಗಿದ್ದೇನೆ” ಎಂದು ನನಗೆ ತೋರಿಸುವುದು ಯಾವಾಗಲೂ ಮದುವೆಮನೆಯ ಗುಂಪು ಫೋಟೋವನ್ನೇ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24ರಿಂದ 28 ಮಿ.ಮೀ. ಲೆನ್ಸಿಗೆ ಸಮನಾದ ಅಗಲ ನೋಟದ್ದು. ಅಂಥ ಚೌಕಟ್ಟಿನ ಅಂಚಿನಲ್ಲಿ ನಿಂತವರು ಅಡ್ಡಕ್ಕೆ ಹಿಗ್ಗುತ್ತಾರೆ. ಬಡಿಸುವ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಎಲ್ಲರಿಗಿಂತ ಕೊನೆಗೆ ಓಡಿಬಂದು ನಿಲ್ಲುವ ಹೆಂಗಸಿಗೆ ಸಿಗುವುದು ಆ ಅಂಚೇ. ನಾನು ನೋಟ ಕಿರಿದಾದ 85 ಮಿ.ಮೀ. ಲೆನ್ಸ್ ಹಾಕಿ ಮೂರು ಮೀಟರ್ ಹಿಂದೆ ನಿಲ್ಲುತ್ತೇನೆ. ಇದರಲ್ಲಿ ಸಣ್ಣ ಮಾಡುವ ಮಂತ್ರವೇನೂ ಇಲ್ಲ. ಕೋಣೆಯ ಆ ಬದಿಯಲ್ಲಿ ಕುಳಿತವರ ಕಣ್ಣಿಗೆ ಹೇಗಿದ್ದೀರೋ ಹಾಗೆ ಕಾಣುತ್ತೀರಿ, ಅಷ್ಟೆ.

ಇನ್ನೊಂದು ಪಾಲು ಬೆಳಕಿನದು. ಮುಳ್ಳಯ್ಯನಗಿರಿಯಲ್ಲಿ ಮಂಜು ಬಿಟ್ಟು ಏನೂ ಕಾಣಲಿಲ್ಲ ಎಂದು ಪ್ರವಾಸಿಗರು ಗೊಣಗುವ ಜುಲೈ ದಿನಗಳೇ ಚಿಕ್ಕಮಗಳೂರಿನಲ್ಲಿ ನನಗೆ ಸುಗ್ಗಿ. ಇಡೀ ಆಕಾಶ ಒಂದು ಬಿಳಿ ಪರದೆಯಾಗಿ, ಕಿಟಕಿಯಿಂದ ಬರುವ ಬೆಳಕು ಮೈಮೇಲೆ ಎಲ್ಲೂ ಗೆರೆ ಎಳೆಯದೆ ಹರಡಿಕೊಳ್ಳುತ್ತದೆ. ಗೆರೆಯೇ ಬೇಕು ಎಂದವರೂ ಒಬ್ಬರಿದ್ದರು, ಅವಳಿ ಮಕ್ಕಳ ತಾಯಿ. ಅವರದು ಹಳೆಯ ಹೆಂಚಿನ ಮನೆ. ಮಾಡಿನ ನಡುವೆ ಕೂರಿಸಿದ ಗಾಜಿನ ಹೆಂಚಿನಿಂದ ಬಿಸಿಲಿನ ಕೋಲೊಂದು ಇಳಿಯುತ್ತಿತ್ತು, ಅವರು ಹೋಗಿ ಅದರಡಿ ನಿಂತರು. ಮೇಲಿನಿಂದ ಓರೆಯಾಗಿ ಬಿದ್ದ ಬಿಸಿಲಿಗೆ ಹೊಟ್ಟೆಯ ಮೇಲಿನ ಹೆರಿಗೆಯ ಗೆರೆಗಳು ಕೆಸುವಿನ ಎಲೆಯ ನರಗಳ ಹಾಗೆ ಎದ್ದು ಬಂದವು. ಕ್ಯಾಮೆರಾದ ಪರದೆಯಲ್ಲಿ ಅದನ್ನು ಹಿಗ್ಗಿಸಿ ನೋಡಿದವರು, “ಇಷ್ಟೊಂದು ಇವೆಯಾ? ನಾನು ಇಷ್ಟು ಹತ್ತಿರದಿಂದ ನೋಡಿಕೊಂಡೇ ಇರಲಿಲ್ಲ” ಎಂದು ಎಣಿಸತೊಡಗಿದರು. ಎಣಿಕೆ ಮುಗಿಯುವ ಮೊದಲೇ ಬಿಸಿಲು ಸರಿದುಹೋಯಿತು.

ಕಂಪ್ಯೂಟರಿನಲ್ಲಿ ಸ್ವಲ್ಪ ಸಣ್ಣ ಮಾಡಿಕೊಡಿ ಎನ್ನುವವರಿಗೆ ನನ್ನ ಮೊದಲ ವರ್ಷದ ಎಡವಟ್ಟನ್ನು ಹೇಳುತ್ತೇನೆ. ಐವತ್ತಾರರ ಒಬ್ಬರು ತಮ್ಮ ಮನೆಯ ಜಗಲಿಯ ಕಿಟಕಿಗೆ ಒರಗಿ ಕುಳಿತಿದ್ದ ಚಿತ್ರ. ಅವರು ಕೇಳಿಯೇ ಇರಲಿಲ್ಲ. ಸಂತೋಷವಾಗಲಿ ಎಂದು ನಾನೇ ಸೊಂಟವನ್ನು ಎರಡೂ ಕಡೆಯಿಂದ ಒಳಕ್ಕೆ ತಳ್ಳಿ ಮುದ್ರಿಸಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತಮ್ಮನ್ನಲ್ಲ, ಹಿಂದಿನ ಕಿಟಕಿಯನ್ನು. “ಅಲ್ಲ ಮಾರಾಯ್ತಿ, ನಮ್ಮ ಕಿಟಕಿಯ ಸರಳು ಯಾವಾಗ ಬಗ್ಗಿತು?” ನಿಜ, ಸೊಂಟದ ಜೊತೆಗೆ ಎರಡು ಕಬ್ಬಿಣದ ಸರಳೂ ಒಳಕ್ಕೆ ಬಾಗಿದ್ದವು. ಮೂಲ ಚಿತ್ರವನ್ನೇ ಮುದ್ರಿಸಿ ಕೊಟ್ಟು ಬಂದೆ, ಹಣ ಕೇಳುವ ಮುಖವಿರಲಿಲ್ಲ. ಬಾಗಿದ ಪ್ರತಿ ಈಗಲೂ ನನ್ನ ಮೇಜಿನ ಗಾಜಿನಡಿ ಇದೆ. ಅವರೇ ಇಟ್ಟುಕೋ ಎಂದರು.

ಹೆಣ್ಣಿನ ಚೆಲುವಿನ ಮಾತು ಬಂದರೆ ಈ ಕಡೆಯವರು ಬೇಲೂರಿನ ದರ್ಪಣ ಸುಂದರಿಯನ್ನು ಎಳೆದು ತಾರದೆ ಬಿಡುವುದಿಲ್ಲ. ನನಗೂ ಅಲ್ಲಿಗೆ ಹೋಗುವ ಚಟವಿದೆ, ಇಲ್ಲಿಂದ ಸುಮಾರು 25 ಕಿ.ಮೀ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ 42 ಮದನಿಕೆಯರನ್ನು ಕತ್ತು ನೋಯುವವರೆಗೆ ನೋಡಿದ್ದೇನೆ. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತನಾಡುವವಳು, ಒದ್ದೆ ಕೂದಲು ಹಿಂಡುವವಳು, ಸೀರೆ ಎಳೆಯುವ ಕೋತಿಯನ್ನು ಗದರುವವಳು. ಕಲ್ಲಿನಲ್ಲಿ ಬಳೆಯನ್ನೂ ಬೆವರನ್ನೂ ತೋರಿಸಬಲ್ಲ ಕೈಗಳು ಅವು. ಆದರೆ ನಲವತ್ತೆರಡು ಜನರಲ್ಲಿ ಒಬ್ಬಳಿಗೂ ಮೊಮ್ಮಕ್ಕಳಿದ್ದಂತೆ ಕಾಣುವುದಿಲ್ಲ, ಮಂಡಿನೋವಂತೂ ಇಲ್ಲವೇ ಇಲ್ಲ. ರಾತ್ರಿ ನನಗೆ ಫೋನ್ ಮಾಡುವುದು ನಲವತ್ತಮೂರನೆಯವಳು.

ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಅವಳು ಕೇಳುವುದಿಲ್ಲ: ಈ ಚಿತ್ರಗಳು ಆಮೇಲೆ ಎಲ್ಲಿರುತ್ತವೆ? ನಾನೇ ಹೇಳುತ್ತೇನೆ. ಕೋಣೆಯಲ್ಲಿ ನಾವಿಬ್ಬರೇ, ಮೊಬೈಲ್ ಹೊರಗೆ. ಮುದ್ರಣ ನನ್ನದೇ ಯಂತ್ರದಲ್ಲಿ. ಆಮೇಲೆ ಅವರೆದುರೇ ಕಾರ್ಡ್ ಅಳಿಸುತ್ತೇನೆ. ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ತೆಗೆಯುವುದು, ಹಂಚುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ, ಮೂರು ವರ್ಷದವರೆಗೆ ಜೈಲು. ನನ್ನ ಬಳಿಯಾದರೂ ಸರಿ, ಬೇರೆಯವರ ಬಳಿಯಾದರೂ ಸರಿ, ಇದನ್ನು ಕೇಳಿಯೇ ಒಳಗೆ ಕಾಲಿಡಿ.

‘ಇಳಿಸಿಕೊಂಡು ಬರುತ್ತೇನೆ’ ಎಂದು ಹೋದವರೊಬ್ಬರು ಮೂರು ವರ್ಷ ಬಿಟ್ಟು ಕಳೆದ ಶ್ರಾವಣದಲ್ಲಿ ಬಂದರು. ಹತ್ತಲ್ಲ, ಹದಿನಾಲ್ಕು ಕೆಜಿ ಇಳಿದಿತ್ತು, ಕಾಯಿಲೆಯಿಂದ. ಕುಪ್ಪಸದ ತೋಳನ್ನು ಎರಡು ಸಲ ಒಳಹೊಲಿಗೆ ಹಾಕಿಸಿದ್ದರು. “ಆಗ ಈ ತೋಳು ತುಂಬಿಕೊಂಡಿರುತ್ತಿತ್ತು, ಆ ತೋಳು ನನಗೆ ಇಷ್ಟವಿತ್ತು, ಯಾರಿಗೂ ಹೇಳಿರಲಿಲ್ಲ” ಎಂದರು. ಹೊರಗೆ ಮಳೆ ಹಿಡಿದಿತ್ತು, ಬೆಳಕು ಚೆನ್ನಾಗಿತ್ತು. ಕಿಟಕಿಯ ಕಡೆ ತಿರುಗಿ, ಕೈಯನ್ನು ಕತ್ತಿನ ಮೇಲೆ ಇಟ್ಟುಕೊಳ್ಳಿ ಎಂದೆ. ಮದುವೆಯ ಉಂಗುರ ಜಾರದಂತೆ ಒಳಬದಿಗೆ ಕೆಂಪು ದಾರ ಸುತ್ತಿದ್ದರು.

“ದಾರ ಬಿಚ್ಚಲೇ?” ಎಂದು ಕೇಳಿದರು.

“ಇರಲಿ ಅಕ್ಕ” ಎಂದೆ.