ಕಳೆದ ವರ್ಷದ ಕಟ್‌ಆಫ್ ಎಂಬ ನಂಬಿಕೆ

ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು ಮೊದಲೆರಡು ಸ್ಥಾನಗಳನ್ನು ಹಂಚಿಕೊಳ್ಳುವುದು ಈಗ ಸುದ್ದಿಯಾಗಿ ಉಳಿದಿಲ್ಲ. 2024ರಲ್ಲಿ ದಕ್ಷಿಣ ಕನ್ನಡ ಶೇ 97.37, ಉಡುಪಿ ಶೇ 96.80, ಮರುವರ್ಷ ಸ್ಥಾನ ಅದಲುಬದಲಾಗಿ ಉಡುಪಿ ಶೇ 93.90, ದಕ್ಷಿಣ ಕನ್ನಡ ಶೇ 93.57. ಆದರೆ ಫಲಿತಾಂಶ ಬಂದ ಸಂಭ್ರಮ ಈ ಊರಿನ ಮನೆಗಳಲ್ಲಿ ಒಂದು ವಾರವೂ ನಿಲ್ಲುವುದಿಲ್ಲ. ಅಂಕಪಟ್ಟಿ ಕೈಗೆ ಬರುವ ಮೊದಲೇ ಸಿಇಟಿ, ನೀಟ್, ಜೆಇಇ, ಕಾಮೆಡ್‌ಕೆ, ಮಣಿಪಾಲದವರ ಎಂಇಟಿ ಎಂಬ ಪ್ರವೇಶ ಪರೀಕ್ಷೆಗಳತ್ತ ಮಾತು ಹೊರಳುತ್ತದೆ. ನಾನು ಶಿಕ್ಷಣ ತಜ್ಞನಲ್ಲ. ನೆಂಟರಿಷ್ಟರ ಮಕ್ಕಳಿಗೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಆದ್ಯತಾ ಪಟ್ಟಿ, ಮಾಡಿಕೊಡುವ ಮಾವ ಎಂಬುದಷ್ಟೇ ನನ್ನ ಅರ್ಹತೆ. ಆ ಕೆಲಸದಲ್ಲಿ ಕಂಡದ್ದನ್ನು ಬರೆದಿಡಬೇಕೆನಿಸಿತು.

ಪೈಪೋಟಿ ಹೆಚ್ಚಿದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಮಕ್ಕಳನ್ನು ಕಂಗೆಡಿಸುವುದು ಪೈಪೋಟಿಗಿಂತಲೂ ಅಳತೆಗೋಲಿನ ಅಸ್ಥಿರತೆ ಎಂದು ನನ್ನ ಅಭಿಪ್ರಾಯ. ವೈದ್ಯಕೀಯ ಸೀಟಿಗೆ ಬರೆಯುವ ನೀಟ್ ಪರೀಕ್ಷೆಯನ್ನೇ ನೋಡಿ. 2024ರ ಜೂನ್ 4ರಂದು ಫಲಿತಾಂಶ ಬಂದಾಗ 67 ಮಂದಿಗೆ 720ಕ್ಕೆ 720 ಅಂಕ ಬಂದಿತ್ತು. ಕೆಲವರಿಗೆ ಕೊಟ್ಟಿದ್ದ ಕೃಪಾಂಕ ರದ್ದಾಗಿ, ಆ 1,563 ಮಂದಿಗೆ ಮರುಪರೀಕ್ಷೆಯ ಅವಕಾಶ ಕೊಟ್ಟು, ಕೊನೆಗೆ ಭೌತಶಾಸ್ತ್ರದ ಒಂದು ಪ್ರಶ್ನೆಯ ಉತ್ತರ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಮೇಲೆ ಆ ಸಂಖ್ಯೆ 17ಕ್ಕೆ ಇಳಿಯಿತು. ಮರುವರ್ಷ ಭೌತಶಾಸ್ತ್ರದ ಪ್ರಶ್ನೆಗಳು ಎಷ್ಟು ಕಠಿಣವಾಗಿದ್ದವೆಂದರೆ ದೇಶಕ್ಕೇ ಮೊದಲಿಗರಾದವರಿಗೆ ಸಿಕ್ಕಿದ್ದು 686. ಒಂದು ವರ್ಷ 600 ಅಂಕ ಪಡೆದವರ ರ್‍ಯಾಂಕು 80,000ದ ಆಸುಪಾಸಿನಲ್ಲಿದ್ದರೆ, ಮರುವರ್ಷ ಅಷ್ಟೇ ಅಂಕ ಪಡೆದವರು ಎರಡು ಸಾವಿರದೊಳಗೆ ಇದ್ದರು. 2024ರಲ್ಲಿ 600 ಬಂತೆಂದು ಅತ್ತ ಮಗುವನ್ನೂ, 2025ರಲ್ಲಿ 540 ಅಷ್ಟೇ ಬರುತ್ತದೆಂದು ಅಳುತ್ತ ಕುಳಿತು ಫಲಿತಾಂಶದ ನಂತರ ತಾನು ಅತ್ತದ್ದೇಕೆ ಎಂದು ಗೊತ್ತಾಗದೆ ಕಕ್ಕಾಬಿಕ್ಕಿಯಾದ ಮಗುವನ್ನೂ ನಾನು ನಮ್ಮ ಬಂಧುವರ್ಗದಲ್ಲೇ ನೋಡಿದ್ದೇನೆ.

ನಮ್ಮ ರಾಜ್ಯದ ಸಿಇಟಿಯೂ ಇದಕ್ಕೆ ಹೊರತಲ್ಲ. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ ಎಂಬುದು ಸರಳ ಲೆಕ್ಕ. 2024ರ ಏಪ್ರಿಲ್‌ನಲ್ಲಿ ಆ ಸರಳ ಲೆಕ್ಕವೇ ಅಲುಗಾಡಿತು: ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50 ಪ್ರಶ್ನೆಗಳು ಪಠ್ಯಕ್ರಮದಿಂದ ಹೊರಗಿದ್ದವೆಂದು ಅವನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಆ ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸಿದ್ದವರ ಶ್ರಮ ಎಲ್ಲಿ ಹೋಯಿತು, ಅವುಗಳ ಮೇಲೆ ಸಮಯ ಸುರಿದು ಉಳಿದವನ್ನು ಬಿಟ್ಟವರ ನಷ್ಟವನ್ನು ಯಾರು ತುಂಬಿದರು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅದಕ್ಕೂ ಮೊದಲು 2022ರಲ್ಲಿ, ಕೋವಿಡ್ ಕಾರಣ ಪರೀಕ್ಷೆಯಿಲ್ಲದೆ ತೇರ್ಗಡೆಯಾಗಿದ್ದ ಹಿಂದಿನ ವರ್ಷದ ವಿದ್ಯಾರ್ಥಿಗಳ ಪಿಯುಸಿ ಅಂಕವನ್ನು ರ್‍ಯಾಂಕಿಗೆ ಪರಿಗಣಿಸಬೇಕೋ ಬೇಡವೋ ಎಂಬುದು ಹೈಕೋರ್ಟಿನ ಮೆಟ್ಟಿಲೇರಿತ್ತು. ರ್‍ಯಾಂಕ್ ಪಟ್ಟಿ ಪ್ರಕಟವಾದ ಮೇಲೆ ಪಟ್ಟಿಯೇ ಬದಲಾಯಿತು.

ಹೀಗಿರುವಾಗ ತಂದೆ ತಾಯಂದಿರು ಮಾಡುವುದೇನು? ಒಂದೇ ಬಾಗಿಲನ್ನು ನಂಬದೆ ಐದು ಬಾಗಿಲು ತಟ್ಟುತ್ತಾರೆ. ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರದಲ್ಲಿದ್ದರೂ ಅದರ ಅರ್ಧದಷ್ಟು ಸೀಟು ಮಾತ್ರ ಕರ್ನಾಟಕದವರಿಗೆ. ಅದಕ್ಕೆ ಜೆಇಇ ಬೇಕು. ಮಣಿಪಾಲಕ್ಕೆ ಅದರದೇ ಪರೀಕ್ಷೆ. ಖಾಸಗಿ ಕಾಲೇಜುಗಳ ಒಂದು ಪಾಲು ಸೀಟಿಗೆ ಕಾಮೆಡ್‌ಕೆ, ಸರ್ಕಾರಿ ಪಾಲಿಗೆ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ). ಇವುಗಳ ವೇಳಾಪಟ್ಟಿ ಒಂದಕ್ಕೊಂದು ಹೊಂದುವುದಿಲ್ಲ. ಮೊದಲು ಸಿಕ್ಕ ಕಡೆ ದುಡ್ಡು ಕಟ್ಟಿ ಹಿಡಿದಿಟ್ಟುಕೊಂಡು, ಇನ್ನೊಂದು ಕಡೆಯ ಹಂಚಿಕೆಗೆ ಕಾಯುವುದು ರೂಢಿಯಾಗಿಬಿಟ್ಟಿದೆ. 2024ರಲ್ಲಂತೂ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಹಂಚಿಕೆಯನ್ನು ಕೆಇಎ ಒಟ್ಟಿಗೆ ನಡೆಸುವುದರಿಂದ, ನೀಟಿನ ತಕರಾರು ನೀಟ್ ಬರೆಯದ ಎಂಜಿನಿಯರಿಂಗ್ ಆಕಾಂಕ್ಷಿಯನ್ನೂ ತಿಂಗಳುಗಟ್ಟಲೆ ಕಾಯಿಸಿತು.

ಈ ಮುನ್ನೆಚ್ಚರಿಕೆ ಒಂದೊಂದು ಮನೆಯ ಮಟ್ಟಿಗೆ ವಿವೇಕದ ನಡೆಯೇ. ಆದರೆ ಎಲ್ಲರೂ ಹೀಗೇ ಮಾಡಿದಾಗ ಅನಿಶ್ಚಯ ಇನ್ನಷ್ಟು ಹೆಚ್ಚುತ್ತದೆ. ಒಬ್ಬ ವಿದ್ಯಾರ್ಥಿ ಮೂರು ಕಡೆ ಸೀಟು ಹಿಡಿದರೆ ಮೊದಲ ಸುತ್ತಿನ ಕಟ್‌ಆಫ್, ಅಂದರೆ ಸೀಟು ಸಿಕ್ಕ ಕೊನೆಯವರ ರ್‍ಯಾಂಕ್, ಬಿಗಿಯಾಗುತ್ತದೆ. ಅವನು ಬಿಟ್ಟುಹೋದ ಮೇಲೆ ಕೊನೆಯ ಸುತ್ತಿನಲ್ಲಿ ಅದು ಏಕಾಏಕಿ ಸಡಿಲವಾಗುತ್ತದೆ. ಅಷ್ಟರಲ್ಲಿ ಕೆಳಗಿನ ರ್‍ಯಾಂಕಿನವರು ಭಯಬಿದ್ದು ಮ್ಯಾನೇಜ್‌ಮೆಂಟ್ ಸೀಟಿಗೆ ಹಣ ಕಟ್ಟಿ ಮುಗಿಸಿರುತ್ತಾರೆ. ಇದರ ಮೇಲೆ ಕಂಪ್ಯೂಟರ್ ಸೈನ್ಸ್ ವ್ಯಾಮೋಹ ಬೇರೆ. ಅದೇ ಕಾಲೇಜಿನಲ್ಲಿ ಸಿವಿಲ್ ವಿಭಾಗಕ್ಕೆ ಜನರಿಲ್ಲ, ಕಂಪ್ಯೂಟರ್ ವಿಭಾಗಕ್ಕೆ ಜಾಗವಿಲ್ಲ.

ಈ ಎಲ್ಲದರ ನಡುವೆ ನಾನು ಪ್ರತಿ ವರ್ಷ ಕೇಳುವ ಮಾತೊಂದಿದೆ. ಈ ಸಲ ಕೇಳಿದವನು ಅಕ್ಕನ ಮಗ: "ಕಳೆದ ವರ್ಷದ ಕಟ್‌ಆಫ್ ನೋಡಿ ಅದರ ಪ್ರಕಾರ ಹಾಕಿದ್ರೆ ಆಗುದಿಲ್ವಾ ಮಾವ?" ಅವನ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಅವನಿಗೆ ಖಂಡಿತ ಸಿಗುವ ಕಾಲೇಜು, ಅವನಿಗೆ ನಿಜವಾಗಿ ಬೇಕಾಗಿದ್ದದ್ದಲ್ಲ. ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಆ ಆಪ್ಷನ್ ದಂಡವಾಗುತ್ತದೆ, ಸಿಗುವುದೂ ಕೈತಪ್ಪುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿ ಬೇರೂರಿದೆ. ಹಂಚಿಕೆ ನಡೆಯುವ ಕ್ರಮವನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಈ ಭಯಕ್ಕೆ ಆಧಾರವಿಲ್ಲ. ರ್‍ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರ ಸರದಿ ಬಂದಾಗ ಅವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ, ಆ ಹೊತ್ತಿಗೆ ಖಾಲಿ ಇರುವ ಮೊದಲ ಸೀಟನ್ನು ಕೊಡಲಾಗುತ್ತದೆ. ಮೇಲೆ ಹತ್ತು ಸಿಗದ ಕಾಲೇಜುಗಳಿದ್ದರೂ ಹನ್ನೊಂದನೆಯದರ ಮೇಲೆ ಅವನಿಗಿರುವ ಹಕ್ಕು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಕಟ್‌ಆಫ್ ಇಷ್ಟು ಏರುಪೇರಾಗುವ ಕಾಲದಲ್ಲಿ ಹಳೆಯ ಅಂಕಿ ನೋಡಿ ಆಸೆಯನ್ನು ತಾವೇ ಕತ್ತರಿಸಿಕೊಳ್ಳುವುದು ದೊಡ್ಡ ನಷ್ಟ. ಹಳೆಯ ಕಟ್‌ಆಫಿನ ಉಪಯೋಗವಿರುವುದು ಪಟ್ಟಿಯ ಬಾಲದಲ್ಲಿ: ಎಲ್ಲಿಯವರೆಗೆ ಇಳಿದು ಬರೆಯಬೇಕು ಎಂದು ತಿಳಿಯಲು.

ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗಳ ಬಗ್ಗೆಯೂ ಇಲ್ಲಿ ಬಹಳ ಅಲಕ್ಷ್ಯ ಕಾಣುತ್ತೇನೆ. ಬಂಟ್ವಾಳ, ಬೆಳ್ತಂಗಡಿ, ಕಾರ್ಕಳ ಕಡೆಯ ಹಳ್ಳಿ ಶಾಲೆಗಳಲ್ಲಿ ಒಂದರಿಂದ ಹತ್ತರವರೆಗೆ ಓದಿದ ಮಕ್ಕಳಿಗೆ ಅರ್ಹತೆಯಿದ್ದರೂ, ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಬೇಕೆಂಬುದು ದಾಖಲೆ ಪರಿಶೀಲನೆಯ ಹಿಂದಿನ ದಿನವಷ್ಟೇ ನೆನಪಾಗುತ್ತದೆ. ಜಾತಿ, ಆದಾಯ ಪತ್ರಗಳ ಮೇಲಿರುವ ಆರ್‌ಡಿ ನಂಬರಿನ ಹುಡುಕಾಟದ ಕತೆಯೂ ಇದೇ.

ಅಕ್ಕನ ಮಗನ ಪಟ್ಟಿಯನ್ನು ಅವನ ಇಷ್ಟದ ಕ್ರಮಕ್ಕೆ ತಿರುಗಿಸಿ ಬರೆದೆವು. ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆಯಲ್ಲಿ ಬಂದದ್ದೇ ಮೊದಲ ಸುತ್ತಿನಲ್ಲೂ ಬಂತು: ಪಟ್ಟಿಯ ನಡುವಿನ ಒಂದು ಕಾಲೇಜು. ಅವನು ಚಾಯ್ಸ್ ಎರಡು ಒತ್ತಿದ, ಅಂದರೆ ಸಿಕ್ಕಿದ್ದನ್ನು ಇಟ್ಟುಕೊಂಡು ಮೇಲಿನವುಗಳಿಗಾಗಿ ಮುಂದಿನ ಸುತ್ತಿಗೆ ಹೋಗುವುದು. ಚಾಯ್ಸ್ ಮೂರು ಒತ್ತಿದರೆ ಕೈಯಲ್ಲಿರುವುದು ಹೋಗುತ್ತದೆ ಎಂದು ಭಾವನಿಗೆ ಎರಡು ಸಲ ಹೇಳಬೇಕಾಯಿತು. ಇತ್ತ ಕಾಮೆಡ್‌ಕೆಯಲ್ಲಿ ಅವನಿಗಾಗಿ ಹಿಡಿದಿದ್ದ ಸೀಟನ್ನು ಏನು ಮಾಡುವುದೆಂಬ ಚರ್ಚೆ ಅಕ್ಕನ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಕೆಇಎ ಸೀಟು ಕೈಯಲ್ಲಿರುವುದರಿಂದ ಅದನ್ನು ಕೂಡಲೇ ರದ್ದು ಮಾಡಬೇಕೆಂದು ನಾನು, ಎರಡನೆಯ ಸುತ್ತಿನವರೆಗೆ ಇರಲಿ ಎಂದು ಭಾವ.