ರೇಸಿಗೆ ಹೆಸರು ಕೊಡುವ ಮೊದಲು ಜಲೋರಿ ಪಾಸ್ ಹತ್ತಿ ನೋಡಿ

ಹಿಮಾಲಯದಲ್ಲಿ ಹಲವು ದಿನ ನಡೆಯುವ ಮೌಂಟನ್ ಬೈಕ್ ರೇಸಿಗೆ ಹೆಸರು ಕೊಡೋಣವೋ ಬೇಡವೋ ಅಂತ ಬೆಂಗಳೂರಿನಲ್ಲಿ ಕೂತು ಯೋಚಿಸುತ್ತಿದ್ದೀರಾ? ಫೀಸು ಕಟ್ಟುವ ಮೊದಲು ಆ ಬೆಟ್ಟಗಳಲ್ಲಿ ನಿಮ್ಮ ಪಾಡಿಗೆ ನೀವು ಸೈಕಲ್ ತುಳಿದು ಬನ್ನಿ. ನಾನು ಮತ್ತು ಗೆಳೆಯ ಅಕ್ಟೋಬರ್‌ನಲ್ಲಿ ಹಾಗೇ ಮಾಡಿದೆವು. ಶಿಮ್ಲಾದಿಂದ ಹೊರಟು ನಾರ್ಕಂಡಾ, ಲುಹ್ರಿ, ಆನಿ ದಾಟಿ ಜಲೋರಿ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ಕಣಿವೆ ದಾರಿ) ಹತ್ತಿ, ಆಚೆ ಬಂಜಾರ್‌ಗೆ ಇಳಿದೆವು. 2005ರಲ್ಲಿ ಶುರುವಾದ ಎಂಟಿಬಿ (ಮೌಂಟನ್ ಬೈಕ್) ಹಿಮಾಲಯ ರೇಸು ನಡೆದದ್ದೂ ಹಿಮಾಚಲದ ಈ ಬೆಟ್ಟಗಳಲ್ಲೇ.

ನಮ್ಮೂರಲ್ಲಿ ಎಲ್ಲದಕ್ಕೂ ಅಳತೆ ನಂದಿ ಬೆಟ್ಟ, ಅಲ್ವಾ? ಅದರ ಎತ್ತರ 1,478 ಮೀಟರ್. ಬುಡದಿಂದ ತುದಿಗೆ ಹತ್ತುವುದು ಸುಮಾರು 500 ಮೀಟರ್. ಲುಹ್ರಿ ಇರುವುದು ಸಟ್ಲೆಜ್ ನದಿಯ ದಡದಲ್ಲಿ, 1,000 ಮೀಟರಿಗಿಂತ ಕೆಳಗೆ. ಜಲೋರಿ ಪಾಸ್ 3,120 ಮೀಟರ್. ಅಂದರೆ ನಾಲ್ಕು ನಂದಿಗಿಂತ ಜಾಸ್ತಿ, ಅದೂ ನಡುವೆ ಇಳಿದು ಸುಧಾರಿಸಿಕೊಳ್ಳಲು ಜಾಗವೇ ಇಲ್ಲದಂತೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. 3,000 ಮೀಟರ್‌ನಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು 30 ಪರ್ಸೆಂಟ್ ಕಡಿಮೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ನಮಗೆ ಅಭ್ಯಾಸ ಇದೆ ಅನ್ನುವವರಿದ್ದಾರೆ. ಆ ಎತ್ತರ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎರಡು ದಿನ ಮೊದಲೇ ಶಿಮ್ಲಾ ತಲುಪಿ ಸುಮ್ನೆ ಓಡಾಡಿಕೊಂಡಿರಿ.

ಎಲ್ಲರೂ ಹೆದರುವುದು ಏರಿಗೆ. ನಾನು ಹೇಳುವುದು, ಇಳಿಜಾರಿಗೆ ಹೆದರಿ. ನಾರ್ಕಂಡಾ ಸುಮಾರು 2,700 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನದಿವರೆಗೆ ಬ್ರೇಕ್ ಮೇಲಿಂದ ಬೆರಳು ತೆಗೆಯುವ ಹಾಗಿಲ್ಲ. ಅರ್ಧ ದಾರಿಯಲ್ಲಿ ಗೆಳೆಯ ನಿಲ್ಲಿಸಿ, "ಬ್ರೇಕ್ ಲಿವರ್ ಹ್ಯಾಂಡಲ್‌ಗೇ ಬಂದು ತಾಗ್ತಾ ಇದೆ ಕಣೋ" ಅಂದ. ಹಿಂದಿನ ಚಕ್ರ ಬಿಚ್ಚಿ ನೋಡಿದರೆ ಬ್ರೇಕ್ ಪ್ಯಾಡ್ ಸವೆದು ಹಾಳೆಯಷ್ಟಾಗಿತ್ತು. ಪ್ಯಾಡ್ ಹಿಡಿಯುವ ಲೋಹದ ತಟ್ಟೆ, ಅಂದರೆ ರೋಟರ್‌ನಿಂದ ಸುಟ್ಟ ವಾಸನೆ. ಅದು ತಣ್ಣಗಾಗುವವರೆಗೆ ಕಾದು, ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಂದಕ್ಕೆ ಒತ್ತಿ ಹೊಸ ಪ್ಯಾಡ್ ಹಾಕಿದೆವು. ಹಾಗಾಗಿ ಎರಡೂ ಚಕ್ರಕ್ಕೆ ಬಿಡಿ ಪ್ಯಾಡ್ ಇರಲಿ. ರೆಸಿನ್ (ರಾಳ) ಪ್ಯಾಡ್ ಬೇಗ ಸವೆಯುತ್ತದೆ, ಇಂಥ ಕಡೆ ಲೋಹದ ಪ್ಯಾಡೇ ವಾಸಿ. ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಕೂಡ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಒಂದು ಫ್ರೇಮಿನದು ಇನ್ನೊಂದಕ್ಕೆ ಕೂರುವುದಿಲ್ಲ, ದಾರಿಯಲ್ಲಿ ಕೊಳ್ಳೋಣ ಅಂದರೆ ಸಿಗುವುದಿಲ್ಲ.

ಖನಾಗ್ ದಾಟಿದ ಮೇಲೆ ಪಾಸ್‌ವರೆಗಿನ ಕೆಲವು ಕಿಲೋಮೀಟರ್ ಬಹಳ ಕಡಿದು. ನಾವು ಅಲ್ಲಲ್ಲಿ ಇಳಿದು ತಳ್ಳಿಕೊಂಡೇ ಹೋದೆವು. ರೇಸಿನಲ್ಲೂ ತುಂಬ ಜನ ತಳ್ಳುತ್ತಾರೆ. ಸೈಕಲ್ ತಳ್ಳಿಕೊಂಡು ನಡೆಯುವ ಅಭ್ಯಾಸವನ್ನೂ ಇಲ್ಲೇ ಮಾಡಿಕೊಳ್ಳಿ, ಗಟ್ಟಿ ಸೋಲ್ ಇರುವ ಶೂ ಹಾಕಿ. ಮೇಲೆ ಢಾಬಾಗಳಿವೆ. ಬಿಸಿ ಅನ್ನ, ರಾಜ್ಮಾ ಸಿಗುತ್ತದೆ. ತುಪ್ಪ ಸುರಿದ ಸಿಡ್ಡು (ಹಬೆಯಲ್ಲಿ ಬೇಯಿಸಿದ ಗೋಧಿ ಹಿಟ್ಟಿನ ತಿಂಡಿ) ಸಿಕ್ಕರೆ ಬಿಡಬೇಡಿ.

ಈಗ ಮುಖ್ಯ ಮಾತು. "ಒಂದೇ ದಿನ ನಂದಿ ಎರಡು ಸಲ ಹತ್ತಿದ್ದೀನಿ, ಆಗುತ್ತೆ ಬಿಡು" ಅಂತ ನಿರ್ಧಾರ ಮಾಡಬೇಡಿ. ಇಂಥ ರೇಸಿನಲ್ಲಿ ಲೆಕ್ಕ ಆಗುವುದು ಮೂರನೇ ದಿನದ ಬೆಳಿಗ್ಗೆ. ಶುಕ್ರವಾರ ರಜೆ ಹಾಕಿ ನಂದಿ ಹತ್ತಿ. ಶನಿವಾರ ಕನಕಪುರ ರಸ್ತೆಯಲ್ಲಿ ಇಡೀ ದಿನ ತುಳಿಯಿರಿ. ಭಾನುವಾರ ಆವಲಹಳ್ಳಿ ಕಡೆ ಕಲ್ಲುಮಣ್ಣಿನ ಹಾದಿ ಹಿಡಿಯಿರಿ, ಕಾಡಿನೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ನಿಯಮ ಕೇಳಿಕೊಂಡು ಹೋಗಿ. ಆ ಭಾನುವಾರ ಬೆಳಿಗ್ಗೆ ನಾಲ್ಕು ಇಡ್ಲಿ ಒಳಗೆ ಹೋಗುತ್ತದಾ? ಸೀಟಿನ ಮೇಲೆ ಕೂರಲು ಆಗುತ್ತದಾ? ಜೊತೆಗಾರನ ಮಾತಿಗೆ ಸಿಡುಕದೆ ಉತ್ತರ ಕೊಡುತ್ತೀರಾ? ಮೂರಕ್ಕೂ ಹೌದು ಅಂದರೆ ಹೆಸರು ಕೊಡಿ. ತೊಡೆಸಂದಿ ಉಜ್ಜಿ ಹುಣ್ಣಾಗಿದ್ದರೆ ಮೊದಲು ಸೀಟು, ಶಾರ್ಟ್ಸ್ ಸರಿಮಾಡಿಕೊಳ್ಳಿ. ಕಾಲಿನಲ್ಲಿ ಎಷ್ಟೇ ಕಸುವಿದ್ದರೂ ಆ ಹುಣ್ಣು ರೇಸು ಬಿಡಿಸುತ್ತದೆ.

ಜೊತೆಗಾರನ ವಿಷಯವನ್ನು ಹಗುರವಾಗಿ ತಗೋಬೇಡಿ. ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್ ಎಂಟು ದಿನದ ರೇಸು, ಇಬ್ಬರು ಒಂದು ತಂಡ. ಅವರ ನಡುವೆ ಎರಡು ನಿಮಿಷಕ್ಕಿಂತ ಜಾಸ್ತಿ ಅಂತರ ಬಿದ್ದರೆ ದಂಡ. ಹಿಮಾಚಲದಲ್ಲಿ ಒಬ್ಬರೇ ಓಡಿಸಿದರೂ ಈ ತಾಲೀಮಿಗೆ ನಿಮ್ಮ ವೇಗದವರನ್ನೇ ಕರೆದುಕೊಂಡು ಹೋಗಿ.

ಸೈಕಲ್ ಸಾಗಿಸಲು ಸೈಕಲ್ ಅಂಗಡಿಯಲ್ಲಿ ರಟ್ಟಿನ ಡಬ್ಬ ಕೇಳಿ ತನ್ನಿ. ಪೆಡಲ್, ಚಕ್ರ ಬಿಚ್ಚಿ, ಡಿರೇಲರ್ ಕಳಚಿ ಫ್ರೇಮಿನ ಒಳಬದಿಗೆ ಕಟ್ಟಿ. ಬ್ರೇಕ್ ಪ್ಯಾಡ್‌ಗಳ ನಡುವೆ ಮಡಿಸಿದ ರಟ್ಟು ತುರುಕಿ. ಟೈರಿಗೆ ಗಾಳಿ ತುಂಬಲು ಗ್ಯಾಸ್ ಕ್ಯಾನಿಸ್ಟರ್ ನಂಬಿಕೊಳ್ಳದೆ ಕೈಪಂಪ್ ತಗೊಳ್ಳಿ. ಚಂಡೀಗಢದವರೆಗೆ ವಿಮಾನ, ಅಲ್ಲಿಂದ ಶಿಮ್ಲಾಗೆ ಸುಮಾರು 115 ಕಿಲೋಮೀಟರ್ ಟ್ಯಾಕ್ಸಿ. ಖಾಲಿ ಡಬ್ಬ ಚಂಡೀಗಢದ ಹೋಟೆಲಿನಲ್ಲೇ ಇರಲಿ. ಬಂಜಾರ್‌ನಿಂದ ಔಟ್ ಅನ್ನುವ ಊರಿಗೆ ಇಳಿದರೆ ಕುಲ್ಲು ಕಡೆಯಿಂದ ಚಂಡೀಗಢಕ್ಕೆ ಹೋಗುವ ಬಸ್ಸು ಸಿಗುತ್ತದೆ, ಶಿಮ್ಲಾಗೆ ವಾಪಸ್ ಹೋಗಬೇಕಿಲ್ಲ. ಜುಲೈ, ಆಗಸ್ಟ್ ಬೇಡ, ಮಳೆಗೆ ಗುಡ್ಡ ಕುಸಿಯುತ್ತದೆ. ಚಳಿಗಾಲದಲ್ಲಿ ಪಾಸ್ ಹಿಮದಲ್ಲಿ ಮುಚ್ಚಿರುತ್ತದೆ.

ಹೆಸರು ಕೊಡುವುದೇ ಆದರೆ ಆಯೋಜಕರನ್ನು ಮೊದಲೇ ಕೇಳಿ: ದಿನದ ಕಟ್-ಆಫ್ (ಗುರಿ ಮುಟ್ಟಬೇಕಾದ ಕೊನೆಯ ಸಮಯ) ಎಷ್ಟು ಗಂಟೆ, ಮೀರಿದರೆ ಮರುದಿನ ಓಡಿಸಲು ಬಿಡುತ್ತಾರಾ, ಪಾಸ್ ಮೇಲೆ ಆಂಬುಲೆನ್ಸ್, ಆಮ್ಲಜನಕ ಇರುತ್ತದಾ, ಕಾಯಿಲೆ ಬಿದ್ದರೆ ದುಡ್ಡು ವಾಪಸ್ ಕೊಡುತ್ತಾರಾ. ಉತ್ತರ ಬರಹದಲ್ಲಿ ಬಂದ ಮೇಲೆ ಫೀಸು ಕಟ್ಟಿ.