ಇನ್ಸ್‌ಬ್ರುಕ್‌ನಲ್ಲಿ ಕಾದ ಎಣ್ಣೆಯ ಪರಿಮಳ, ಅಜ್ಜಿಯ ಕ್ರಿಸ್ಮಸ್

ಡಿಸೆಂಬರ್ ತಿಂಗಳಲ್ಲಿ ಕಾದ ಎಣ್ಣೆಯ ಪರಿಮಳ ಮೂಗಿಗೆ ಬಿದ್ರೆ ಸಾಕು, ನನ್ನ ಕೈ ತನ್ನಷ್ಟಕ್ಕೇ ಶಿಲುಬೆ ಗುರುತು ಹಾಕ್ಲಿಕ್ಕೆ ಹೋಗ್ತದೆ. ಅಜ್ಜಿ ಯಾವತ್ತೂ ಹೀಗೆ ಮಾಡು ಅಂತ ಹೇಳಿಕೊಟ್ಟವರಲ್ಲ, ನೋಡಿ ನೋಡಿ ಬಂದದ್ದು. ಕುಸ್ವಾರ್, ಅಂದ್ರೆ ನಮ್ಮ ಕ್ರಿಸ್ಮಸ್ ತಿಂಡಿಗಳು, ಮಾಡುವ ದಿನ ದೊಡ್ಡ ಬಾಣಲೆಯಲ್ಲಿ ತೆಂಗಿನೆಣ್ಣೆ ಇಟ್ಟು ಅದು ಕಾಯುವಷ್ಟು ಹೊತ್ತೂ ಅವರು "ನಮಾನ್ ಮರಿಯೆ" ಅಂತ ಮಾತೆ ಮರಿಯಳ ಕೊಂಕಣಿ ಜಪ ಹೇಳ್ತಾ ನಿಲ್ತಿದ್ರು, ಎಣ್ಣೆ ಕಾದಿದೆಯಾ ಅಂತ ಹಿಟ್ಟಿನ ಚೂರು ಹಾಕಿ ನೋಡುವುದಿಲ್ಲ, ಇಷ್ಟು ಜಪ ಮುಗಿದ್ರೆ ಎಣ್ಣೆ ರೆಡಿ ಅಂತ ಅವರ ಲೆಕ್ಕ. ಆಮೇಲೆ ಬಾಣಲೆ ಮೇಲೆ ಒಂದು ಶಿಲುಬೆ ಗುರುತು, ಮತ್ತೆ ಮೊದಲ ನೆವ್ರಿ ಎಣ್ಣೆಗೆ. ಆ ಪರಿಮಳ ಅಡುಗೆಮನೆಯಿಂದ ಹೊರಟು ಅಂಗಳ ದಾಟಿ ತೋಟದವರೆಗೆ ಬರ್ತಿತ್ತು ಮಾರಾಯ್ರೇ, ನಾವು ಮಕ್ಕಳು ಶಾಲೆಯಿಂದ ಬರುವಾಗ ಗೇಟಿನ ಹತ್ತಿರವೇ ಗೊತ್ತಾಗ್ತಿತ್ತು ಇವತ್ತು ನೆವ್ರಿಯೋ ಕಿಡಿಯೊವೋ ಕೊಕ್ಕಿಸಾಂವೋ ಅಂತ.

ಈ ಸಲ ಅದೇ ಪರಿಮಳ ಸಿಕ್ಕಿದ್ದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ. ಮಗಳು ಅಲ್ಲಿ ಉಂಟು, ಹಾಗಾಗಿ ಆಗಮನ ಕಾಲಕ್ಕೆ, ಅಂದ್ರೆ ಕ್ರಿಸ್ಮಸ್‌ಗೆ ಕಾಯುವ ಮೊದಲಿನ ನಾಲ್ಕು ವಾರಕ್ಕೆ, ಸರಿಯಾಗಿ ನಾನೂ ಅಲ್ಲಿ. ತಲೆ ಎತ್ತಿದ್ರೆ ಬೀದಿಯ ತುದಿಯಲ್ಲೇ ಹಿಮದ ಬೆಟ್ಟ, ಹಳೇ ಪೇಟೆಯಲ್ಲಿ ರಾಜ ಮ್ಯಾಕ್ಸಿಮಿಲಿಯನ್ ಕಾಲದ, 1500ರಲ್ಲಿ ಮುಗಿದ ಚಿನ್ನದ ಮಾಡು (ಛಾವಣಿ), ಅದರ ಎದುರಿಗೆ ಕ್ರಿಸ್ಮಸ್ ಸಂತೆ. ಸಂಜೆಗೆ ಆ ಮಾಡಿನ ಕೆಳಗಿನ ಬಾಲ್ಕನಿಯಲ್ಲಿ ನಿಂತು ತುತ್ತೂರಿಯವರು ಕ್ರಿಸ್ಮಸ್ ಹಾಡು ನುಡಿಸ್ತಾರೆ, ಕೆಳಗೆ ಜನ ಬಿಸಿ ಮಸಾಲೆ ವೈನಿನ ಮಗ್ ಹಿಡ್ಕೊಂಡು ಕೈ ಬೆಚ್ಚಗೆ ಮಾಡ್ತಾ ಇರ್ತಾರೆ. ಅಲ್ಲೇ ಒಂದು ಮರದ ಅಂಗಡಿಯಲ್ಲಿ ಕಿಯಾಖ್ಲ್ ಕರಿತಾ ಇದ್ರು. ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟನ್ನು ಕೈಯಲ್ಲೇ ಎಳೆದು ಎಳೆದು ಮಧ್ಯದಲ್ಲಿ ಆಚೆ ಬೆಳಕು ಕಾಣುವಷ್ಟು ತೆಳ್ಳಗೆ, ಅಂಚು ಮಾತ್ರ ದಪ್ಪ, ಹಾಗೆ ಎಣ್ಣೆಗೆ ಬಿಡ್ತಾರೆ. ಮಧ್ಯದ ಗುಂಡಿಗೆ ಹುಳಿ ಕ್ಯಾಬೇಜ್ ಅಥವಾ ಕೆಂಪು ಬೆರ್ರಿ ಜಾಮ್. ತೆಂಗಿನೆಣ್ಣೆ ಅಲ್ಲ ಬಿಡಿ, ಅದು ಬೇರೆ ಮಾತು. ಆದ್ರೂ ಆ ಪರಿಮಳ ಬಂದ ಕ್ಷಣಕ್ಕೆ ಸುತ್ತ ಇದ್ದ ಲೈಟು, ಬ್ಯಾಂಡು, ಜನ ಎಲ್ಲ ಎಲ್ಲಿ ಹೋಯ್ತೋ ಗೊತ್ತಿಲ್ಲ, ಅಜ್ಜಿ ಮಾತ್ರ ಉಳಿದ್ರು. ಕೈ ಹಣೆಗೆ ಹೋಯ್ತು. ಅಂಗಡಿಯ ಹೆಂಗಸು ನೋಡಿ ನಕ್ಕು ತಾನೂ ಶಿಲುಬೆ ಗುರುತು ಹಾಕಿದಳು, ಭಾಷೆ ಗೊತ್ತಿಲ್ಲದ ಊರಿನಲ್ಲಿ ನನಗೆ ಅಷ್ಟು ಸಾಕಾಯ್ತು. ದೇವರಿಗೆ ಸ್ತೋತ್ರ.

ಆದ್ರೆ ಒಂದು ಹೇಳ್ಲಿಕ್ಕುಂಟು. ನಮ್ಮ ಮನೆಯಲ್ಲಿ ಆ ಪರಿಮಳ ಮಾತ್ರ ನಮ್ಮದು, ತಿಂಡಿ ನಮ್ಮದಲ್ಲ! ಕರಿದದ್ದೆಲ್ಲ ಡಬ್ಬಕ್ಕೆ, ಡಬ್ಬ ಅಟ್ಟಕ್ಕೆ. 24ರ ರಾತ್ರಿ ಪೂಜೆ ಮುಗಿಸಿ ಬಂದು, ಗೋದಲಿಯಲ್ಲಿ, ಅಂದ್ರೆ ಯೇಸು ಹುಟ್ಟಿದ ಹಟ್ಟಿಯ ಮಾದರಿಯಲ್ಲಿ, ಬಾಲ ಯೇಸುವನ್ನು ಮಲಗಿಸಿ, ಆಮೇಲೆ ಡಬ್ಬ ಕೆಳಗೆ ಬರ್ತಿತ್ತು. "ಹಬ್ಬದ ಮಗು ಬರುವ ಮೊದಲು ನೀವು ಹೇಗೆ ತಿನ್ನುವುದು?" ಅಂತ ಅಜ್ಜಿ ಕೇಳಿದ್ರೆ ಯಾರೂ ಉತ್ತರ ಕೊಡ್ತಿರಲಿಲ್ಲ. ಮಾತೆ ಮರಿಯ ಒಂಬತ್ತು ತಿಂಗಳು ಕಾದಳು, ಬೆತ್ಲೆಹೇಮಿನಲ್ಲಿ ಬಾಗಿಲು ಬಾಗಿಲು ತಿರುಗಿದಳು, ನಿಮಗೆ ನಾಲ್ಕು ವಾರ ಆಗುವುದಿಲ್ಲವಾ ಅಂತ.

ಈಗ ಇಲ್ಲಿ ನೋಡಿದ್ರೆ ಆಗಮನ ಕಾಲ ಶುರು ಆಗುವ ಮೊದಲೇ, ನವೆಂಬರ್ ಮಧ್ಯಕ್ಕೇ ಸಂತೆ ತೆರೆದು ತಿನ್ಲಿಕ್ಕೆ ಶುರು. ಊರನ್ನೇನೂ ಹೊಗಳುವ ಹಾಗಿಲ್ಲ, ಅಲ್ಲಿ ಬೇಕರಿಯಿಂದ ಕುಸ್ವಾರ್ ಪ್ಯಾಕೆಟ್ ಬರ್ತದೆ, ಟಿವಿ ಎದುರು ಕೂತು ಖಾಲಿ ಆಗ್ತದೆ, ಹಬ್ಬದ ದಿನ ತಟ್ಟೆಗೆ ಹಾಕಿ ಪಕ್ಕದ ಮನೆಗೆ ಕೊಡ್ಲಿಕ್ಕೆ ಮತ್ತೆ ಇನ್ನೊಂದು ಪ್ಯಾಕೆಟ್ ತರಬೇಕು. ಹಿಂದೆ ಕ್ರೋಶಾ ಬಟ್ಟೆ ಮುಚ್ಚಿದ ತಟ್ಟೆ ನಮ್ಮ ಮನೆಯಿಂದ ಭಟ್ರ ಮನೆಗೆ, ಶೆಟ್ರ ಮನೆಗೆ ಹೋಗುವಾಗ ಅದ್ರಲ್ಲಿ ಇಡೀ ತಿಂಗಳ ಕೆಲಸ ಇರ್ತಿತ್ತು.

ಆದ್ರೆ ಇನ್ಸ್‌ಬ್ರುಕ್ ಇರುವ ಇದೇ ಟಿರೋಲ್ ಪ್ರಾಂತ್ಯದಲ್ಲಿ ಸೆಲ್ಟನ್ ಅಂತ ಒಂದು ಬ್ರೆಡ್ ಉಂಟು, ಒಣಗಿಸಿದ ಪೇರ್ ಹಣ್ಣು, ಅಂಜೂರ, ದ್ರಾಕ್ಷಿ, ಬೀಜ ಎಲ್ಲ ಒತ್ತೊತ್ತಾಗಿ ತುಂಬಿ ಮಾಡುವುದು. ಅದನ್ನು ಮೊದಲೇ ಮಾಡಿಟ್ಟು ಹಬ್ಬ ಬರುವವರೆಗೆ ಕತ್ತರಿಸುವುದಿಲ್ಲ, ಕೆಲವು ಮನೆಗಳಲ್ಲಿ ಕ್ರಿಸ್ಮಸ್‌ನ ಮರುದಿನ ಸಂತ ಸ್ತೇಫನರ ಹಬ್ಬಕ್ಕೇ ಕತ್ತರಿಸುವುದು ಹಿಂದಿನ ಕ್ರಮವಂತೆ. ಮಗಳು ಇದನ್ನು ಹೇಳಿದಾಗ ನಾನು ಅಂಗಡಿ ಎದುರೇ ಜೋರಾಗಿ ನಕ್ಕೆ. ನಮ್ಮ ಅಜ್ಜಿ ಟಿರೋಲಿನ ಹೆಸರೂ ಕೇಳಿದವರಲ್ಲ.

ಸಂತೆಯಿಂದ ನಾಲ್ಕು ಹೆಜ್ಜೆ ಹಿಂದೆ ಹೋದ್ರೆ ಸಂತ ಯಾಕೋಬರ ಕ್ಯಾಥೆಡ್ರಲ್. ದೊಡ್ಡ ಪೀಠದಲ್ಲಿ ಲೂಕಾಸ್ ಕ್ರಾನಾಖ್ ಬರೆದ ಸಹಾಯ ಮಾತೆಯ ಚಿತ್ರ, 1650ರಿಂದ ಆ ದೇವಾಲಯದಲ್ಲಿ ಉಂಟು. ಕ್ರಾನಾಖ್ ಅಂದ್ರೆ ಕಥೋಲಿಕ ಸಭೆಯಿಂದ ಬೇರೆಯಾಗಿ ಪ್ರೊಟೆಸ್ಟೆಂಟ್ ದಾರಿ ಹಿಡಿದ ಮಾರ್ಟಿನ್ ಲೂಥರರ ಸ್ನೇಹಿತ, ಅಂಥವರ ಕೈಯಿಂದಲೇ ಕಥೋಲಿಕರು ಇಷ್ಟು ಪ್ರೀತಿಸುವ ತಾಯಿ ಬಂದಳು ನೋಡಿ, ದೇವರ ಲೆಕ್ಕ ನಮಗೆ ಎಲ್ಲಿ ಗೊತ್ತಾಗ್ತದೆ. ಚಿತ್ರದಲ್ಲಿ ತಾಯಿಗೆ ಕಿರೀಟ ಇಲ್ಲ, ತೆಳ್ಳಗಿನ ಒಂದು ಶಿರವಸ್ತ್ರ, ಮಗು ತಾಯಿಯ ಕೆನ್ನೆಗೆ ಕೆನ್ನೆ ಒತ್ತಿ ಅಂಟಿಕೊಂಡಿದೆ. ಆಲ್ಪ್ಸ್ ಕಡೆಯ ಹಳ್ಳಿಗಳಲ್ಲಿ ಮನೆ ಗೋಡೆ ಮೇಲೆಲ್ಲ ಇದೇ ಚಿತ್ರದ ಪ್ರತಿ ಕಾಣ್ತದೆ. ಅಜ್ಜಿಯ ಅಲ್ತಾರಿನಲ್ಲಿ (ಮನೆಯ ಪ್ರಾರ್ಥನೆಯ ಪೀಠದಲ್ಲಿ) ಇದ್ದದ್ದು ನಿತ್ಯಾಧಾರ ಮಾತೆಯ ಕ್ಯಾಲೆಂಡರ್ ಚಿತ್ರ, ಅದು ಬೇರೆ, ಆದ್ರೆ ನಾನು ಹೇಳಿದ ಪ್ರಾರ್ಥನೆ ಅದೇ ಹಳೆಯದು.

ಮಗಳ ಮನೆ ಹತ್ತಿರದ ಚರ್ಚಿನಲ್ಲಿ ರೊರಾತೆ ಪೂಜೆಗೂ ಹೋದೆವು. ಆಗಮನ ಕಾಲದಲ್ಲಿ ಬೆಳಕು ಹರಿಯುವ ಮೊದಲು ಮಾತೆ ಮರಿಯಳ ಗೌರವಕ್ಕೆ ಮಾಡುವ ಪೂಜೆ ಅದು, ಆಕಾಶವೇ ಇಬ್ಬನಿಯಾಗಿ ನೀತಿಯನ್ನು ಸುರಿಸು ಅಂತ ಪ್ರವಾದಿ ಯೆಶಾಯನ ಮಾತಿನಿಂದ ಹೆಸರು ಬಂದದ್ದು. ಕರೆಂಟ್ ಲೈಟ್ ಹಾಕುವುದಿಲ್ಲ, ಕೈಯಲ್ಲಿ ಕ್ಯಾಂಡಲ್, ಪುಸ್ತಕ ಓದ್ಲಿಕ್ಕೆ ಅಷ್ಟೇ ಬೆಳಕು, ಹೊರಗೆ ಕೊರೆಯುವ ಚಳಿ. ಜನ ಕಡಿಮೆ, ಹೆಚ್ಚಿನವರು ನನ್ನ ವಯಸ್ಸಿನವರು. ಹಿಂದಿನ ಸಂಜೆ ಸಂತೆಯಲ್ಲಿ ಕಾಲಿಡ್ಲಿಕ್ಕೆ ಜಾಗ ಇರಲಿಲ್ಲ, ಇಲ್ಲಿ ಬೆಂಚುಗಳು ಖಾಲಿ, ಅದು ನೋಡಿ ಸಂಕಟ ಆಯ್ತು, ಸುಳ್ಳು ಯಾಕೆ ಹೇಳುವುದು. ಪೂಜೆ ಆದ ಮೇಲೆ ಪಕ್ಕದ ಹಾಲಿನಲ್ಲಿ ಎಲ್ಲರಿಗೂ ಬ್ರೆಡ್, ಬೆಣ್ಣೆ, ಕಾಫಿ. ಕಾದು, ಪ್ರಾರ್ಥಿಸಿ, ಆಮೇಲೆ ತಿಂದ ಆ ಬ್ರೆಡ್ಡಿನ ರುಚಿಗೆ ಸಂತೆಯ ಯಾವ ತಿಂಡಿಯೂ ಸಮ ಇರಲಿಲ್ಲ, ಕಿಯಾಖ್ಲ್ ಸಹ.

ಇನ್ನೊಂದು ವಿಷಯ, ಡಿಸೆಂಬರ್ 4ಕ್ಕೆ ಸಂತ ಬಾರ್ಬರಾ ಹಬ್ಬದ ದಿನ ಇಲ್ಲಿಯವರು ಚೆರ್ರಿ ಮರದ ಒಣಗಿದ ಹಾಗೆ ಕಾಣುವ ಗೆಲ್ಲು ತಂದು ನೀರಲ್ಲಿ ಇಡ್ತಾರೆ, ಕ್ರಿಸ್ಮಸ್ ಹೊತ್ತಿಗೆ ಹೂ ಬಿಡ್ತದೆ ಅಂತ ನಂಬಿಕೆ. ಮಗಳೂ ಒಂದು ಇಟ್ಟಿದ್ದಾಳೆ. ಟಿರೋಲಿನ ಗೋದಲಿಗಳಲ್ಲಿ ಬೆತ್ಲೆಹೇಮ್ ಅಂದ್ರೆ ಇಲ್ಲಿಯದೇ ಬೆಟ್ಟ, ಇಲ್ಲಿಯದೇ ಹಟ್ಟಿ, ಕುರಿ ಕಾಯುವವರಿಗೆ ಇಲ್ಲಿಯದೇ ಟೋಪಿ. ನಮ್ಮಲ್ಲಿ ಅಜ್ಜಿ ಗೋದಲಿಗೆ ಭತ್ತದ ಗದ್ದೆ ಮಾಡ್ತಿದ್ರು, ನಿಜವಾದ ಭತ್ತ ಬಿತ್ತಿ. ಈಗ ಪ್ಲಾಸ್ಟಿಕ್ ಹುಲ್ಲು ತಂದು ಹಾಸ್ತಾರೆ.

ಊರಲ್ಲಿ ಇರುವವರಿಗೆ ಗೋದಲಿಗೆ ನಿಜವಾದ ಗದ್ದೆ ಮಾಡ್ಲಿಕ್ಕೆ ಇನ್ನೂ ಟೈಮ್ ಉಂಟು. ಒಂದು ಮುಷ್ಟಿ ಭತ್ತ ರಾತ್ರಿ ನೆನೆ ಹಾಕಿ, ಮರುದಿನ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಮೊಳಕೆ ಕಂಡ ಮೇಲೆ ಹಳೇ ಬಿಸ್ಕೆಟ್ ಡಬ್ಬದ ಮುಚ್ಚಳದಲ್ಲಿ ಮಣ್ಣು ಹಾಕಿ ಒತ್ತಾಗಿ ಬಿತ್ತಿ, ದಿನಾ ನೀರು ಚಿಮುಕಿಸಿ. ಭತ್ತ ಸಿಗದಿದ್ರೆ ರಾಗಿ ಆಗ್ತದೆ, ಅದು ಇನ್ನೂ ಬೇಗ ಬರ್ತದೆ. ಕೋಳಿ ಬರದ ಕಡೆ ಇಡಿ ಮಾತ್ರ.